ಮೊದಲು ಪೆನ್ಸಿಲ್, ಆಮೇಲೆ ಆ್ಯಪ್

ನನ್ನ ಟೇಬಲ್‌ಗೆ ಹೊಸಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಬಂದರೆ, ಅವರ ಮೊದಲ ಪಾತ್ರವನ್ನು ಆ್ಯಪ್‌ನಲ್ಲಿ ಕಟ್ಟುವ ಹಾಗಿಲ್ಲ. ಕಾಗದ, ಪೆನ್ಸಿಲ್, ರಬ್ಬರ್, ಅಷ್ಟೇ. ಪಾತ್ರ ಬೆಳೆದು ಮೂರನೇ ಲೆವೆಲ್ ಮುಟ್ಟುವವರೆಗೆ ಇದೇ ನಿಯಮ. ಆಮೇಲೆ ಬೇಕಾದವರು ಆ್ಯಪ್ ಬಳಸಲಿ. ನಾನೂ ಬಳಸುತ್ತೇನೆ, ದುಡ್ಡು ಕಟ್ಟಿಯೇ ಬಳಸುತ್ತೇನೆ. "ಯಾಕಕ್ಕಾ, ಫೋನಲ್ಲಿ ಹತ್ತು ನಿಮಿಷದ ಕೆಲಸ ಅಲ್ವಾ?" ಅಂತ ಬಂದವರೆಲ್ಲ ಕೇಳುತ್ತಾರೆ. ಹತ್ತು ನಿಮಿಷದ ಕೆಲಸ ನಿಜ. ಆದರೂ ನಾನು ಯಾಕೆ ಹೀಗೆ ಮಾಡುತ್ತೇನೆ, ಹೇಗೆ ಮಾಡುತ್ತೇನೆ ಅನ್ನುವುದನ್ನು ಬರೆದಿಡೋಣ ಅನ್ನಿಸಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ, 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ ಹಿಡಿದು ಆಡುತ್ತಾರೆ. ಏನು ಮಾಡುತ್ತೀರಿ ಅಂತ ಬಾಯಲ್ಲಿ ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ 20 ಮುಖದ ದಾಳ ಎಸೆಯಬೇಕು. ಪಾತ್ರದ ಶಕ್ತಿ, ಚುರುಕು, ಬುದ್ಧಿ, ಆಯುಧ, ಮಂತ್ರ ಎಲ್ಲ ಒಂದು ಶೀಟ್‌ನಲ್ಲಿ ಇರುತ್ತವೆ. ಈ ಶೀಟ್ ತುಂಬಿಸಿಕೊಡುವ ಕೆಲಸವನ್ನೇ ಈಗ ಆ್ಯಪ್‌ಗಳು ಮಾಡುತ್ತವೆ. ಹೆಚ್ಚು ಜನ ಬಳಸುವುದು ಡಿ ಅಂಡ್ ಡಿ ಬಿಯಾಂಡ್. 2017ರಲ್ಲಿ ಬಂತು. 2022ರಲ್ಲಿ ಹ್ಯಾಸ್‌ಬ್ರೋ ಕಂಪನಿ ಅದನ್ನು 14 ಕೋಟಿ 63 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಪಾತ್ರ ಕಟ್ಟುವ ಸಲಕರಣೆಗೆ ಎಷ್ಟು ಬೆಲೆ ಇದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ನಾವು ಆಡುವುದು ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಲ್ಲಿ, ಭಾನುವಾರ ಮಧ್ಯಾಹ್ನ. ನನ್ನ ತಂಗಿಯ ಮಗಳು, ಅವಳ ಕಾಲೇಜಿನ ಗೆಳತಿ, ಹನುಮಂತನಗರದಿಂದ ಬರುವ ಒಬ್ಬ ಹುಡುಗ, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ಒಬ್ಬ ಮೇಷ್ಟ್ರು, ಉಡುಪಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ಒಬ್ಬರು. ಇಷ್ಟು ಜನ ಯಾವಾಗಲೂ ಇರುತ್ತಾರೆ. ಆಗಾಗ ಹೊಸಬರು ಸೇರಿಕೊಳ್ಳುತ್ತಾರೆ.

ಮೊದಮೊದಲು ಎಲ್ಲರೂ ಫೋನ್ ಹಿಡಿದೇ ಬರುತ್ತಿದ್ದರು. ಆಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. "ನಿನ್ನ ಎಸಿ ಎಷ್ಟು?" ಅಂತ ಕೇಳಿದರೆ ತಕ್ಷಣ "18" ಅನ್ನುವ ಉತ್ತರ ಬರುತ್ತಿತ್ತು. ಎಸಿ, ಅಂದರೆ ಆರ್ಮರ್ ಕ್ಲಾಸ್, ಶತ್ರುವಿನ ಏಟು ತಾಗಬೇಕಾದರೆ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ. "18 ಹೇಗೆ ಬಂತು?" ಅಂದರೆ ಮಾತಿಲ್ಲ. ಫೋನ್ ತಿರುಗಿಸಿ ನನಗೇ ತೋರಿಸುತ್ತಿದ್ದರು. ನಾನು ಕೆಲಸದಲ್ಲಿ ಲೆಕ್ಕಪತ್ರ ನೋಡುವವಳು. ನಮ್ಮಲ್ಲಿ ವೌಚರ್ ಇಲ್ಲದೆ ಒಂದು ರೂಪಾಯಿ ಖರ್ಚನ್ನೂ ಪುಸ್ತಕಕ್ಕೆ ಹತ್ತಿಸುವುದಿಲ್ಲ. ಆ 18ಕ್ಕೂ ವೌಚರ್ ಬೇಕು ಅನ್ನಿಸಿತು.

ಹಾಗಾಗಿ ನನ್ನದೇ ಒಂದು ಶೀಟ್ ಮಾಡಿದೆ. ಎ4 ಹಾಳೆ, ಎರಡೂ ಬದಿ, ಪೂರ್ತಿ ಕನ್ನಡದಲ್ಲಿ. ಸಂಖ್ಯೆ ಬರೆಯುವ ಪ್ರತಿ ಚೌಕದ ಪಕ್ಕದಲ್ಲಿ ಒಂದು ಉದ್ದ ಗೆರೆ ಇದೆ. ಅದರ ಮೇಲೆ "ಎಲ್ಲಿಂದ ಬಂತು" ಅಂತ ಇದೆ. ಆ ಗೆರೆ ಖಾಲಿ ಇದ್ದರೆ ಆ ಸಂಖ್ಯೆಯನ್ನು ಆಟದಲ್ಲಿ ಬಳಸುವ ಹಾಗಿಲ್ಲ. ನ್ಯಾಷನಲ್ ಕಾಲೇಜ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಟ್ಟು ತೆಗೆಸಿ ಇಟ್ಟಿರುತ್ತೇನೆ.

ನನ್ನ ತಂಗಿಯ ಮಗಳ ಪಾತ್ರವನ್ನೇ ತಗೊಳ್ಳಿ. ಹೆಸರು ಕೆಂಚಮ್ಮ. ಮನುಷ್ಯಳು, ಕ್ಲಾಸ್ (ಅಂದರೆ ಪಾತ್ರದ ಕಸುಬು) ಫೈಟರ್, ಮೊದಲ ಲೆವೆಲ್. ನಾವು ಆಡುವುದು 2014ರ ನಿಯಮಗಳ ಪ್ರಕಾರ. ಅದರಲ್ಲಿ ಆರು ಗುಣಗಳಿಗೆ ಹಂಚಲು 15, 14, 13, 12, 10, 8 ಅಂತ ಸಿದ್ಧ ಸಂಖ್ಯೆಗಳಿವೆ. ಮನುಷ್ಯರಿಗೆ ಎಲ್ಲದಕ್ಕೂ 1 ಸೇರುತ್ತದೆ. ಅವಳು ಶಕ್ತಿಗೆ 15 ಇಟ್ಟಳು, 16 ಆಯಿತು. ತಾಳಿಕೆ 15, ವಿವೇಕ 14, ಚುರುಕು 13. ಗುಣದಿಂದ 10 ಕಳೆದು ಅರ್ಧ ಮಾಡಿ, ಉಳಿಯುವ ಅರ್ಧ ಬಿಟ್ಟರೆ ಅದೇ ದಾಳಕ್ಕೆ ಸೇರುವ ಸಂಖ್ಯೆ. ಶಕ್ತಿ 16 ಅಂದರೆ +3. ಪಳಗಿದ ಕೆಲಸಕ್ಕೆ ಮೊದಲ ಲೆವೆಲ್‌ನಲ್ಲಿ +2. ಎರಡೂ ಸೇರಿ ಕತ್ತಿ ಬೀಸಿದಾಗ +5. ಎಚ್‌ಪಿ, ಅಂದರೆ ಎಷ್ಟು ಪೆಟ್ಟು ತಾಳಬಹುದು ಅನ್ನುವ ಸಂಖ್ಯೆ, 12: ಫೈಟರ್ ಆಗಿದ್ದಕ್ಕೆ 10, ತಾಳಿಕೆಗೆ 2. ಎಸಿ 18: ಚೈನ್ ಮೇಲ್ ಅನ್ನುವ ಕಬ್ಬಿಣದ ಬಳೆಯ ಅಂಗಿಗೆ 16, ಗುರಾಣಿಗೆ 2. ಇಷ್ಟನ್ನೂ ಅವಳೇ ಗೆರೆಯ ಮೇಲೆ ಬರೆದಳು.

ಇದರಿಂದ ಏನು ಲಾಭ ಅಂತ ಟೇಬಲ್‌ನಲ್ಲೇ ಗೊತ್ತಾಯಿತು. ಕಥೆಯಲ್ಲಿ ಎಲ್ಲರೂ ಒಂದು ಛತ್ರದಲ್ಲಿ ಮಲಗಿದ್ದರು. ನಡುರಾತ್ರಿ ಕಳ್ಳರು ನುಗ್ಗಿದರು. ಕವಚ ಹಾಕಿಕೊಂಡು ಯಾರೂ ಮಲಗುವುದಿಲ್ಲ ಅಲ್ವಾ. ಚೈನ್ ಮೇಲ್ ತೊಡಲು 10 ನಿಮಿಷ ಬೇಕು ಅನ್ನುತ್ತದೆ ನಿಯಮ. ಗುರಾಣಿ ಕೈಗೆ ತಗೊಳ್ಳಲು ಒಂದು ಆ್ಯಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಸಾಕು. ನಾನು ಬಾಯಿ ಬಿಡುವ ಮೊದಲೇ ಅವಳು ಶೀಟ್ ನೋಡಿ ಹೇಳಿದಳು: "ದೊಡ್ಡಮ್ಮ, ಕವಚ ಇಲ್ಲ. ಹಾಗಾದ್ರೆ 10, ಚುರುಕಿಗೆ 1, ಒಟ್ಟು 11. ಗುರಾಣಿ ಹಿಡಿದರೆ 13. ಆದ್ರೆ ಹಿಡಿಯೋಕೆ ಹೋದ್ರೆ ಈ ಸರದಿಯಲ್ಲಿ ಹೊಡೆಯೋಕಾಗಲ್ಲ." ಹಾಗಂದು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ಗುರಾಣಿ ಬಿಟ್ಟು ಕತ್ತಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಅವತ್ತಿನ ಇಡೀ ಆಟದಲ್ಲಿ ಅದೇ ಚೆಂದದ ಗಳಿಗೆ. ಆ ನಿರ್ಧಾರ ಹುಟ್ಟಿದ್ದು ಸಂಖ್ಯೆಯ ಒಳಗಡೆ ಏನಿದೆ ಅಂತ ಅವಳಿಗೆ ಗೊತ್ತಿದ್ದದ್ದರಿಂದ. ಆ್ಯಪ್‌ನಲ್ಲೂ ಕವಚದ ಮುಂದಿನ ಟಿಕ್ ತೆಗೆದರೆ ಸಂಖ್ಯೆ ಬದಲಾಗುತ್ತದೆ. ಆದರೆ ಟಿಕ್ ತೆಗೆಯಬೇಕು ಅಂತ ಹೊಳೆಯಬೇಕಾದರೆ, ಆ 18ರಲ್ಲಿ 16 ಕವಚದ್ದು ಅನ್ನುವುದು ಮೊದಲೇ ತಲೆಯಲ್ಲಿ ಇರಬೇಕು.

ರೋಗ್, ಅಂದರೆ ಕಳ್ಳಹೆಜ್ಜೆಯ ಕ್ಲಾಸ್, ಆಡುವವರಿಗೆ ಇದು ಇನ್ನೂ ಮುಖ್ಯ. ಅವರ ದೊಡ್ಡ ಅಸ್ತ್ರ ಸ್ನೀಕ್ ಅಟ್ಯಾಕ್, ಹೊಂಚು ನೋಡಿ ಹೊಡೆಯುವ ಏಟು. ಐದನೇ ಲೆವೆಲ್‌ಗೆ 3 ದಾಳ ಜಾಸ್ತಿ ಪೆಟ್ಟು. ಅಷ್ಟನ್ನು ಆ್ಯಪ್ ದಪ್ಪಕ್ಷರದಲ್ಲಿ ತೋರಿಸುತ್ತದೆ. ಅದು ಯಾವಾಗ ಸಿಗುತ್ತದೆ ಅನ್ನುವುದು ಮಾತ್ರ ಅದರ ಕೆಳಗಿನ ಉದ್ದ ಬರಹದಲ್ಲಿ ಇರುತ್ತದೆ. ದಾಳಿಗೆ ಅಡ್ವಾಂಟೇಜ್ (ಎರಡು ಸಲ ದಾಳ ಎಸೆದು ದೊಡ್ಡದನ್ನು ಹಿಡಿಯುವ ಅನುಕೂಲ) ಇರಬೇಕು, ಇಲ್ಲವೇ ನಮ್ಮ ಕಡೆಯವರೊಬ್ಬರು ಶತ್ರುವಿನಿಂದ 5 ಅಡಿ ಒಳಗೆ ನಿಂತಿರಬೇಕು. ಒಂದು ಸರದಿಗೆ ಒಂದೇ ಸಲ. ಹನುಮಂತನಗರದ ಹುಡುಗ ಇದನ್ನು ತನ್ನ ಕೈಯಾರೆ ಶೀಟ್‌ನಲ್ಲಿ ಬರೆದುಕೊಂಡ. ಬರೆದ ಮೇಲೆ ಅವನ ಆಟವೇ ಬದಲಾಯಿತು. ಈಗ ದಾಳ ಎಸೆಯುವ ಮೊದಲು ಕೆಂಚಮ್ಮ ಎಲ್ಲಿ ನಿಂತಿದ್ದಾಳೆ ಅಂತ ನೋಡುತ್ತಾನೆ. ಅವಳನ್ನು ಕರೆದು "ಆ ಕಡೆ ಒಂದು ಹೆಜ್ಜೆ ಬಾ" ಅನ್ನುತ್ತಾನೆ. ಇಬ್ಬರೂ ಸೇರಿ ಆಡುವುದನ್ನು ಕಲಿತಿದ್ದಾರೆ.

ಇನ್ನು ಆ್ಯಪ್ ಎಲ್ಲಿ ಬೇಕೇ ಬೇಕು ಅನ್ನುವುದನ್ನೂ ಹೇಳಬೇಕು. ಮಂತ್ರ ಹಾಕುವ ಪಾತ್ರಗಳಿಗೆ ಬೇಕು. ವಿಝರ್ಡ್ ಅಂದರೆ ಓದಿ ಮಂತ್ರ ಕಲಿತ ಪಾತ್ರ. ಐದನೇ ಲೆವೆಲ್ ವಿಝರ್ಡ್ ಹತ್ತಿರ ಕಡಿಮೆ ಅಂದರೂ 14 ಮಂತ್ರ ಬರೆದ ಪುಸ್ತಕ ಇರುತ್ತದೆ. ಅದರಲ್ಲಿ ದಿನಕ್ಕೆ ಲೆವೆಲ್ ಮತ್ತು ಬುದ್ಧಿಯ ಸಂಖ್ಯೆ ಸೇರಿಸಿದಷ್ಟು ಸಿದ್ಧ ಮಾಡಿಕೊಳ್ಳಬಹುದು. ಒಂದು ಸಲ ಮಂತ್ರ ಹಾಕುವ ಅವಕಾಶಕ್ಕೆ ಸ್ಲಾಟ್ ಅನ್ನುತ್ತಾರೆ; ಮಂತ್ರದ ಮಟ್ಟ ಬೇರೆ, ಪಾತ್ರದ ಲೆವೆಲ್ ಬೇರೆ. ಬಳಸಲು ಮೊದಲ ಮಟ್ಟದ ಸ್ಲಾಟ್ 4, ಎರಡನೆಯದ್ದು 3, ಮೂರನೆಯದ್ದು 2. ಪ್ರತಿ ಮಂತ್ರಕ್ಕೂ ದೂರ, ಹೊತ್ತು, ಬೇಕಾದ ಸಾಮಾನು ಬೇರೆ ಬೇರೆ. ಇದನ್ನೆಲ್ಲ ಕಾಗದಕ್ಕೆ ಇಳಿಸುತ್ತಾ ಕೂತರೆ ಆಟಕ್ಕೆ ಹೊತ್ತೇ ಉಳಿಯುವುದಿಲ್ಲ. ಹೀಗಾಗಿ ವಿಝರ್ಡ್ ಆಡುವವರ ಕಾಗದದಲ್ಲಿ ಮಂತ್ರದ ಹೆಸರು, ಮಟ್ಟ, ಒಂದು ಸಾಲಿನ ವಿವರ ಇದ್ದರೆ ಸಾಕು. ಉಳಿದದ್ದನ್ನು ಆ್ಯಪ್‌ನಲ್ಲಿ ನೋಡಿಕೊಳ್ಳುತ್ತಾರೆ.

ಎರಡು ಕ್ಲಾಸ್ ಬೆರೆಸಿದಾಗಲೂ ಆ್ಯಪ್ ಇದ್ದರೆ ಒಳ್ಳೆಯದು. ಮೇಷ್ಟ್ರ ಪಾತ್ರ 4 ಲೆವೆಲ್ ಪ್ಯಾಲಡಿನ್ (ವ್ರತ ತೊಟ್ಟ ಯೋಧ), 3 ಲೆವೆಲ್ ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರುವವನು). ಸ್ಲಾಟ್ ಲೆಕ್ಕಕ್ಕೆ ಪ್ಯಾಲಡಿನ್ ಲೆವೆಲ್‌ನ ಅರ್ಧ, ಸಾರ್ಸರರ್ ಪೂರ್ತಿ. 2 ಮತ್ತು 3 ಸೇರಿ 5. ಹಾಗಾಗಿ ಮೂರನೇ ಮಟ್ಟದ ಸ್ಲಾಟ್ ಎರಡು ಸಿಗುತ್ತವೆ. ಆದರೆ ಅವರಿಗೆ ಮೂರನೇ ಮಟ್ಟದ ಮಂತ್ರ ಒಂದೂ ಬರುವುದಿಲ್ಲ, ಯಾಕೆಂದರೆ ಮಂತ್ರ ಕಲಿಯುವ ಲೆಕ್ಕ ಪ್ರತಿ ಕ್ಲಾಸ್‌ಗೂ ಬೇರೆ. ಆ ಸ್ಲಾಟ್‌ಗಳನ್ನು ಕೆಳಗಿನ ಮಟ್ಟದ ಮಂತ್ರಗಳನ್ನು ಹೆಚ್ಚು ಬಲದಲ್ಲಿ ಹಾಕಲು ಬಳಸಬೇಕು. ಮೇಷ್ಟ್ರು ಗಣಿತದವರು, ಸುಮ್ನೆ ಬಿಡುವವರಲ್ಲ. ಕೂತು ಕೋಷ್ಟಕ ಹಾಕಿ ತೆಗೆದು, ಆಮೇಲೆ ಆ್ಯಪ್ ಜೊತೆ ತಾಳೆ ನೋಡಿದರು. ಎರಡೂ ಸರಿಹೋಯಿತು.

ಈ ತಾಳೆ ನೋಡುವುದೇ ಈಗ ನಮ್ಮ ಪದ್ಧತಿ. ಲೆವೆಲ್ ಏರುವುದನ್ನು ಯಾರೂ ಮನೆಯಲ್ಲಿ ಒಬ್ಬರೇ ಮಾಡಿಕೊಂಡು ಬರುವುದಿಲ್ಲ. ಆಟ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಎಲ್ಲರೂ ಒಟ್ಟಿಗೆ ಮಾಡುತ್ತೇವೆ. ಮೊದಲು ಕಾಗದ. ಆಮೇಲೆ ಅದನ್ನೇ ಆ್ಯಪ್‌ಗೆ ಹಾಕುತ್ತೇವೆ. ಎರಡರಲ್ಲೂ ಸಂಖ್ಯೆ ಬೇರೆ ಬಂದರೆ ಆಗ ಮಜಾ. ನಾಲ್ಕನೇ ಲೆವೆಲ್‌ನಲ್ಲಿ ಕೆಂಚಮ್ಮನ ತಾಳಿಕೆ 15ರಿಂದ 16 ಆಯಿತು, ಸೇರುವ ಸಂಖ್ಯೆ +2ರಿಂದ +3 ಆಯಿತು. ಕಾಗದದಲ್ಲಿ ಎಚ್‌ಪಿ ಆ್ಯಪ್‌ಗಿಂತ 3 ಕಡಿಮೆ ಬಂತು. ಹುಡುಕಿದಾಗ ಸಿಕ್ಕಿತು: ತಾಳಿಕೆ ಏರಿದರೆ ಹಿಂದಿನ ಲೆವೆಲ್‌ಗಳಿಗೂ ಅದು ಅನ್ವಯಿಸುತ್ತದೆ. ಲೆವೆಲ್‌ಗೆ ಒಂದರಂತೆ ಒಟ್ಟು 4 ಸೇರಬೇಕು, ಬರೀ 1 ಅಲ್ಲ. ಹೀಗೆ ಹುಡುಕಿ ಕಲಿತ ನಿಯಮ ಯಾರಿಗೂ ಮರೆತುಹೋಗುವುದಿಲ್ಲ. ಕೆಲವು ಸಲ ಕಾಗದವೇ ಸರಿ ಇರುತ್ತದೆ, ಆ್ಯಪ್‌ನಲ್ಲಿ ಗುರಾಣಿಗೆ ಟಿಕ್ ಹಾಕಿರುವುದಿಲ್ಲ.

ಕಾಗದವೋ ಆ್ಯಪೋ ಅನ್ನುವುದು ಯಾವ ಆಟ ಅನ್ನುವುದರ ಮೇಲೂ ನಿಂತಿದೆ. ಡಿ ಅಂಡ್ ಡಿಯಲ್ಲಿ ಪಳಗಿದ ಕೆಲಸಕ್ಕೆ ಸೇರುವ ಆ +2 ಇದೆಯಲ್ಲ, ಅದು ಏರುವುದು 5, 9, 13, 17ನೇ ಲೆವೆಲ್‌ಗಳಲ್ಲಿ ಮಾತ್ರ. ಮಧ್ಯದ ಲೆವೆಲ್‌ಗಳಲ್ಲಿ ಕಾಗದದ ಮೇಲೆ ತಿದ್ದುವುದು ಕಡಿಮೆ. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್‌ನ ಎರಡನೇ ಆವೃತ್ತಿ, ಅಂದರೆ 2019ರದ್ದು, ಹಾಗಲ್ಲ. ಅದರಲ್ಲಿ ಪಳಗಿದ ಪ್ರತಿ ಕೆಲಸಕ್ಕೂ ಲೆವೆಲ್ ಅನ್ನೇ ಕೂಡಿಸುತ್ತಾರೆ. ಒಂದು ಲೆವೆಲ್ ಏರಿದರೆ ಎಸಿ, ದಾಳಿ, ತಪ್ಪಿಸಿಕೊಳ್ಳುವ ಸಂಖ್ಯೆ, ಕೌಶಲ, ಹೆಚ್ಚುಕಡಿಮೆ ಎಲ್ಲ ಬದಲು. ಪೆನ್ಸಿಲ್‌ನಲ್ಲಿ ಬರೆದರೆ ಹಾಳೆ ಹರಿಯುವಷ್ಟು ಅಳಿಸಬೇಕು. ಆ ಆಟ ಆಡುವಾಗ ನಾನು ಪಾತ್‌ಬಿಲ್ಡರ್ ಅನ್ನುವ ಆ್ಯಪ್ ಅನ್ನೇ ನಂಬುತ್ತೇನೆ. ಜೊತೆಗೆ ಆರ್ಕೈವ್ಸ್ ಆಫ್ ನೆಥಿಸ್ ಅನ್ನುವ ವೆಬ್‌ಸೈಟ್ ಇದೆ, ಅಲ್ಲಿ ಆ ಆಟದ ನಿಯಮಗಳು ಪೂರ್ತಿ ಉಚಿತವಾಗಿ ಓದಲು ಸಿಗುತ್ತವೆ. ಅನುಮಾನ ಬಂದ ತಕ್ಷಣ ಮೂಲ ನಿಯಮ ತೆಗೆದು ನೋಡಬಹುದು. ಆ್ಯಪ್ ಪಕ್ಕದಲ್ಲಿ ನಿಯಮವೂ ಬಿಟ್ಟಿ ಸಿಗುವುದರಿಂದ ನನಗೆ ಅಲ್ಲಿ ಅಷ್ಟು ಚಿಂತೆ ಇಲ್ಲ.

ಆ್ಯಪ್ ಅನ್ನೇ ಪೂರ್ತಿ ನೆಚ್ಚಿಕೊಂಡರೆ ಏನಾಗುತ್ತದೆ ಅಂತ ಈ ಆಟದ ಚರಿತ್ರೆಯಲ್ಲೇ ಇದೆ. ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿ ಬಂದದ್ದು 2008ರಲ್ಲಿ. ಪಾತ್ರಗಳು 30ನೇ ಲೆವೆಲ್‌ವರೆಗೆ ಬೆಳೆಯುತ್ತಿದ್ದವು. ಆರಿಸಿಕೊಳ್ಳಲು ಸಾವಿರಾರು ಪವರ್ (ವಿಶೇಷ ಪಟ್ಟುಗಳು), ಸಾವಿರಾರು ಫೀಟ್ (ಹೆಚ್ಚುವರಿ ಸಾಮರ್ಥ್ಯಗಳು). ಹಾಗಾಗಿ ಅದಕ್ಕೆ ಕ್ಯಾರೆಕ್ಟರ್ ಬಿಲ್ಡರ್ ಅನ್ನುವ ಸಾಫ್ಟ್‌ವೇರ್ ಬಂತು. ಮೊದಲು ಅದನ್ನು ನಮ್ಮ ಕಂಪ್ಯೂಟರ್‌ಗೆ ಇಳಿಸಿಕೊಂಡು ಬಳಸಬಹುದಿತ್ತು. 2010ರಲ್ಲಿ ಅದನ್ನು ನಿಲ್ಲಿಸಿ, ಸಿಲ್ವರ್‌ಲೈಟ್ ಅನ್ನುವ ಬ್ರೌಸರ್ ಪ್ಲಗಿನ್ ಮೇಲೆ ನಡೆಯುವ ಆನ್‌ಲೈನ್ ಬಿಲ್ಡರ್ ತಂದರು. ಮುಂದೆ ಸಿಲ್ವರ್‌ಲೈಟ್‌ನದ್ದೇ ಕಾಲ ಮುಗಿಯಿತು. 2020ರ ಜನವರಿ 1ಕ್ಕೆ ಆ ಬಿಲ್ಡರ್ ಕೂಡ ಬಂದ್ ಆಯಿತು. ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ, ಆಡಬಹುದು. ಆದರೆ ಅಷ್ಟೊಂದು ಪುಸ್ತಕಗಳಲ್ಲಿ ಹರಡಿರುವ ಆಯ್ಕೆಗಳನ್ನು ಕೈಯಲ್ಲಿ ಹುಡುಕಿ ಮೇಲಿನ ಲೆವೆಲ್ ಪಾತ್ರ ಕಟ್ಟುವುದು ಎಷ್ಟು ಕಷ್ಟ ಅಂತ ಕೂತು ನೋಡಿದವರಿಗೇ ಗೊತ್ತು.

2024ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ಡಿ ಅಂಡ್ ಡಿಯ ಹೊಸ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬರುವ ಸಮಯ. ಎಲ್ಲರ ಶೀಟ್‌ನಲ್ಲಿರುವ ಹಳೆಯ ಮಂತ್ರಗಳು ಮತ್ತು ಮಾಂತ್ರಿಕ ವಸ್ತುಗಳ ಜಾಗದಲ್ಲಿ ಹೊಸ ಆವೃತ್ತಿಯವನ್ನು ಹಾಕುತ್ತೇವೆ ಅಂತ ಡಿ ಅಂಡ್ ಡಿ ಬಿಯಾಂಡ್ ಪ್ರಕಟಿಸಿತು. ಹಳೆಯದು ಬೇಕಾದವರು ಅದನ್ನು ತಾವೇ ಹೋಂಬ್ರೂ, ಅಂದರೆ ಸ್ವಂತ ಸೇರ್ಪಡೆ, ಆಗಿ ಬರೆದುಕೊಳ್ಳಬೇಕಿತ್ತು. ನಡುವೆ ಇರುವ ಕಥೆಗಳ ಗತಿ ಏನು ಅಂತ ಆಟಗಾರರು ಗಟ್ಟಿಯಾಗಿ ಕೇಳಿದರು. ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು, ಹಳೆಯ ಮಂತ್ರಗಳು ಉಳಿದವು. ಆ ವಾರ ನಮ್ಮ ಟೇಬಲ್‌ನಲ್ಲಿ ಯಾರಿಗೂ ಗಾಬರಿ ಆಗಲಿಲ್ಲ. ಎಲ್ಲರ ಕಾಗದವೂ ಬೀರುವಿನಲ್ಲಿ ಇತ್ತು. ಯಾವ ನಿಯಮದಲ್ಲಿ ಆಡುವುದು ಅನ್ನುವುದನ್ನು ಟೇಬಲ್ ಸುತ್ತ ಕೂತವರು ತೀರ್ಮಾನ ಮಾಡಬೇಕು. ಈ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ.

ಆ್ಯಪ್‌ಗೆ ಗೊತ್ತಿಲ್ಲದ ಸಂಗತಿಗಳೂ ಇವೆ. ಉಡುಪಿಯವರಿಗೆ ಬಾರ್ಡ್, ಅಂದರೆ ಹಾಡು-ವಾದ್ಯದಿಂದ ಮಂತ್ರ ಹಾಕುವ ಪಾತ್ರ, ಆಡಬೇಕಿತ್ತು, ಆದರೆ ವೀಣೆ ಕೊಳಲು ಹಿಡಿದ ಬಾರ್ಡ್ ಅಲ್ಲ. ಚಂಡೆ ಬಾರಿಸುವವನು ಬೇಕು. ಚಂಡೆ ಅಂದರೆ ಇಡೀ ರಂಗಕ್ಕೆ ಕೇಳಿಸುತ್ತದೆ, ಒಬ್ಬರ ಕಿವಿಗೆ ಮಾತ್ರ ಅಲ್ಲ. ಬಾರ್ಡ್ ಕೊಡುವ ಇನ್‌ಸ್ಪಿರೇಷನ್ ದಾಳ, ಅಂದರೆ ಎಸೆತಕ್ಕೆ ಕೂಡಿಸಿಕೊಳ್ಳುವ ದಾಳ, ನಿಯಮದ ಪ್ರಕಾರ ಒಬ್ಬರಿಗೆ ಸಿಗುತ್ತದೆ. ನಾವು ಮಾತಾಡಿ ಹೀಗೆ ಮಾಡಿಕೊಂಡೆವು: ದಾಳ ಒಂದೇ, ಆದರೆ ಅದು ಟೇಬಲ್ ಮಧ್ಯದಲ್ಲಿ ಇರುತ್ತದೆ. ಚಂಡೆ ಕೇಳಿಸಿಕೊಂಡವರಲ್ಲಿ ಯಾರು ಮೊದಲು ಕೈ ಹಾಕುತ್ತಾರೋ ಅವರಿಗೆ. ಜೊತೆಗೆ, ಚಂಡೆ ಬಾರಿಸಿದ ಮೇಲೆ ಅಡಗಿಕೊಳ್ಳುವ ಮಾತೇ ಇಲ್ಲ, ಶತ್ರುಗಳಿಗೂ ಕೇಳಿಸಿರುತ್ತದೆ. ಕಾಗದದಲ್ಲಿ ಇದು ಎರಡು ಸಾಲು. ಆ್ಯಪ್‌ನಲ್ಲಿ ನಮ್ಮದೇ ಮಂತ್ರ, ವಸ್ತು, ಸಬ್‌ಕ್ಲಾಸ್ (ಕ್ಲಾಸ್‌ನ ಒಳಗಿನ ಕವಲು) ಎಲ್ಲ ಸೇರಿಸಬಹುದು. ಹೊಸ ಕ್ಲಾಸ್ ಮಾತ್ರ ಕಟ್ಟಲಾಗುವುದಿಲ್ಲ. ಸಬ್‌ಕ್ಲಾಸ್ ಕಟ್ಟಲು ಕೂಡ ಫಾರ್ಮ್ ಮೇಲೆ ಫಾರ್ಮ್ ತುಂಬಬೇಕು. ಅಷ್ಟು ಮಾಡಿದರೂ "ಯಾರು ಮೊದಲು ಕೈ ಹಾಕುತ್ತಾರೋ" ಅನ್ನುವುದನ್ನು ಯಾವ ಫಾರ್ಮ್‌ನಲ್ಲಿ ಬರೆಯುವುದು? ಅವರು ಆ್ಯಪ್‌ನಲ್ಲಿ ಸಾದಾ ಬಾರ್ಡ್ ಇಟ್ಟುಕೊಂಡಿದ್ದಾರೆ. ಚಂಡೆಯ ಎರಡು ಸಾಲು ಕಾಗದದಲ್ಲಿದೆ.

ಹೊಸಬರ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಆ್ಯಪ್ ತೆರೆದ ತಕ್ಷಣ ಒಂದು ಉದ್ದ ಪಟ್ಟಿ ಬಂದು ನಿಲ್ಲುತ್ತದೆ. ಯಾವ ಜನಾಂಗ, ಯಾವ ಕ್ಲಾಸ್, ಯಾವ ಹಿನ್ನೆಲೆ. ಅಷ್ಟು ಹೆಸರು ನೋಡಿ ಗಾಬರಿಯಾಗಿ "ಯಾವುದು ಬೆಸ್ಟ್?" ಅಂತ ಹುಡುಕಲು ಹೋಗುತ್ತಾರೆ. ಬೇರೆ ಯಾರೋ ಲೆಕ್ಕ ಹಾಕಿ ಇಟ್ಟ ಪಾತ್ರ ತಂದು ಕೂರುತ್ತಾರೆ. ಚೆನ್ನಾಗಿ ಹೊಡೆಯುತ್ತದೆ, ಆದರೆ ಅದು ಅವರದ್ದಲ್ಲ. ನಾನು ಪಟ್ಟಿ ತೋರಿಸುವುದೇ ಇಲ್ಲ. ಒಂದು ಪ್ರಶ್ನೆ ಕೇಳುತ್ತೇನೆ: ಎದುರಿಗೆ ಬೀಗ ಹಾಕಿದ ಬಾಗಿಲು ಇದೆ, ನೀವು ಏನು ಮಾಡುತ್ತೀರಿ? ಒದೆಯುತ್ತೇನೆ ಅಂದವರಿಗೆ ಫೈಟರ್ ಅಥವಾ ಬಾರ್ಬೇರಿಯನ್. ಬೀಗ ಬಿಡಿಸುತ್ತೇನೆ ಅಂದರೆ ರೋಗ್. ಒಳಗಿದ್ದವರನ್ನು ಮಾತಾಡಿಸಿ ತೆಗೆಸುತ್ತೇನೆ ಅಂದರೆ ಬಾರ್ಡ್. ಬಾಗಿಲ ಮೇಲೆ ಏನು ಬರೆದಿದೆ ಅಂತ ಓದುತ್ತೇನೆ ಅಂದರೆ ವಿಝರ್ಡ್. ತಂಗಿಯ ಮಗಳ ಗೆಳತಿ "ಬೀಗ ಹಾಕಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ, ನಾನು ಅಲ್ಲೇ ಕಾಯ್ತೀನಿ" ಅಂದಳು. ಅವಳಿಗೆ ಕ್ಲೆರಿಕ್, ಅಂದರೆ ದೇವರಿಂದ ಮಂತ್ರಶಕ್ತಿ ಪಡೆದ ಪಾತ್ರ, ಕೊಟ್ಟೆ. ತುಂಬ ಚೆನ್ನಾಗಿ ಆಡುತ್ತಿದ್ದಾಳೆ.

ಖರ್ಚಿನ ಬಗ್ಗೆಯೂ ಸ್ವಲ್ಪ. ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಉಚಿತ ಖಾತೆಗೆ 6 ಪಾತ್ರ ಇಡಬಹುದು. ಆಟಗಾರರಿಗೆ ಅದು ಧಾರಾಳ ಸಾಕು. ಪುಸ್ತಕಗಳನ್ನು ಎಲ್ಲರೂ ಕೊಳ್ಳಬೇಕಾಗಿಲ್ಲ. ಡಿಎಂ ಒಬ್ಬರು ಮೇಲಿನ ಚಂದಾ ಕಟ್ಟಿದರೆ, ತಾವು ಕೊಂಡದ್ದನ್ನು ತಮ್ಮ ಗುಂಪಿನವರ ಜೊತೆ ಹಂಚಿಕೊಳ್ಳಬಹುದು. ಡಾಲರ್ ಲೆಕ್ಕದ ಚಂದಾ ಅದು, ಒಬ್ಬರಿಗೆ ಭಾರ. ಹಾಗಾಗಿ ನಾವು ಎಲ್ಲರೂ ಪಾಲು ಹಾಕಿಕೊಂಡು ಕಟ್ಟುತ್ತೇವೆ. ಪ್ರತಿ ಲೆವೆಲ್ ಏರಿದಾಗ ಶೀಟ್‌ನ ಪಿಡಿಎಫ್ ಇಳಿಸಿ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಮಳೆಗಾಲದ ಸಂಜೆ ಕರೆಂಟ್ ಹೋಗಿ ವೈಫೈ ಸತ್ತರೂ, ಕಬ್ಬನ್ ಪಾರ್ಕ್‌ನಲ್ಲಿ ಮರದ ಕೆಳಗೆ ಆಡುವಾಗ ಫೋನ್ ಚಾರ್ಜ್ ಮುಗಿದರೂ ಆಟ ನಿಲ್ಲುವುದಿಲ್ಲ. ಪಾರ್ಕ್‌ಗೆ ಹೋಗುವಾಗ ಹಾಳೆ ಹಾರದ ಹಾಗೆ ಕ್ಲಿಪ್ ಇರುವ ರೈಟಿಂಗ್ ಪ್ಯಾಡ್ ತಗೊಂಡು ಹೋಗಿ. ಪರೀಕ್ಷೆಗೆ ಮಕ್ಕಳು ಒಯ್ಯುತ್ತಾರಲ್ಲ, ಅದೇ.

ಮೂರನೇ ಲೆವೆಲ್ ಅಂತ ಯಾಕೆ ಗೆರೆ ಹಾಕಿದೆ ಅಂತಲೂ ಕೇಳುತ್ತಾರೆ. 2014ರ ನಿಯಮದಲ್ಲಿ ಅಷ್ಟರೊಳಗೆ ಎಲ್ಲ ಕ್ಲಾಸ್‌ಗಳೂ ತಮ್ಮ ಸಬ್‌ಕ್ಲಾಸ್ ಆರಿಸಿಕೊಂಡಿರುತ್ತವೆ. ಪಾತ್ರಕ್ಕೆ ಒಂದು ಮುಖ ಬಂದಿರುತ್ತದೆ. ಅಷ್ಟು ಹೊತ್ತಿಗೆ ಆಟಗಾರರಿಗೆ ತಮ್ಮ ಪ್ರತಿ ಸಂಖ್ಯೆಯ ಹುಟ್ಟೂರು ಗೊತ್ತಿರುತ್ತದೆ. ಅಲ್ಲಿಂದ ಮುಂದೆ ಆ್ಯಪ್ ಕೈಗೆ ಕೊಟ್ಟರೂ ಅವರೇ ಅದನ್ನು ಪ್ರಶ್ನೆ ಮಾಡುತ್ತಾರೆ, ನಾನು ಹೇಳಬೇಕಾಗಿಲ್ಲ.

ಸದ್ಯಕ್ಕೆ ನನ್ನ ಕೆಲಸ ಕನ್ನಡದ ಮಂತ್ರದ ಚೀಟಿಗಳು. ನಾನು ಬಳಸುವ ಯಾವ ಆ್ಯಪ್‌ನಲ್ಲೂ ಕನ್ನಡ ಇಲ್ಲ. ಆದರೆ ಆಟದ ಮೂಲ ನಿಯಮಗಳ ಒಂದು ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಡುಗಡೆ ಮಾಡಿದ್ದಾರೆ. ಮೂಲದ ಹೆಸರು ಹಾಕಿದರೆ ಸಾಕು, ಅನುವಾದ ಮಾಡಬಹುದು, ಹಂಚಬಹುದು. ಇದೊಂದು ದೊಡ್ಡ ವರ. ಅವೆನ್ಯೂ ರಸ್ತೆಯಿಂದ ದಪ್ಪ ಕಾರ್ಡ್ ಹಾಳೆ ತಂದು, ಒಂದು ಚೀಟಿಗೆ ಒಂದು ಮಂತ್ರ ಅಂತ ಬರೆಯುತ್ತಿದ್ದೇನೆ. ಹೆಸರು, ದೂರ, ಎಷ್ಟು ಹೊತ್ತು, ಎಷ್ಟು ದಾಳ. ಕೆಳಗಡೆ ಆ ಉದ್ದ ಗೆರೆ ಇಲ್ಲೂ ಇದೆ. ಕ್ಲೆರಿಕ್ ಮತ್ತು ವಿಝರ್ಡ್‌ಗಳ ಮೊದಲ ಮಟ್ಟದ ಚೀಟಿಗಳು ಮುಗಿದಿವೆ. ಎರಡನೇ ಮಟ್ಟದ್ದು ನಡೆಯುತ್ತಿದೆ. ಫೈರ್‌ಬಾಲ್ ಇರುವುದು ಮೂರನೇ ಮಟ್ಟದಲ್ಲಿ, 6 ಮುಖದ 8 ದಾಳ. ಅದನ್ನು ಮೊದಲು ಬರೆದುಕೊಡಿ ಅಂತ ಹನುಮಂತನಗರದ ಹುಡುಗನ ತಮ್ಮ ಈಗಲೇ ಗಂಟು ಬಿದ್ದಿದ್ದಾನೆ. ಅವನು ಇನ್ನೂ ಒಂದನೇ ಲೆವೆಲ್.